ವರ್ಡ್‌ನಲ್ಲಿ ಕನ್ನಡ ಕೈಕೊಟ್ಟಾಗ: ತಪ್ಪು ಎಲ್ಲಿದೆ ಅಂತ ಪತ್ತೆ ಹಚ್ಚುವುದು

ಟೈಪಿಂಗ್ ಅಂಗಡಿಯಲ್ಲಿ ಕೂತವರಿಗೆ ಗೊತ್ತು, ದಿನದ ಅರ್ಧ ಹೊತ್ತು ಹೋಗುವುದು ಟೈಪ್ ಮಾಡುವುದರಲ್ಲಿ ಅಲ್ಲ, ಬೇರೆಯವರು ಪೆನ್‌ಡ್ರೈವ್‌ನಲ್ಲೋ ವಾಟ್ಸಾಪ್‌ನಲ್ಲೋ ತಂದ ಫೈಲ್ ರಿಪೇರಿ ಮಾಡುವುದರಲ್ಲಿ. ದಾವಣಗೆರೆಯ ನಮ್ಮಂಥ ಅಂಗಡಿಗೆ ಬರದ ಫೈಲ್ ಇಲ್ಲ. ಜಮೀನಿನ ಕರಾರು, ಯೂನಿವರ್ಸಿಟಿ ಹುಡುಗರ ಪ್ರಾಜೆಕ್ಟ್ ರಿಪೋರ್ಟ್, ದುಗ್ಗಮ್ಮನ ಜಾತ್ರೆ ಕರಪತ್ರ, ಹೋಟೆಲ್ಲಿನ ಬೆಣ್ಣೆದೋಸೆ ರೇಟ್ ಪಟ್ಟಿ, ಎಲ್ಲ ಬರುತ್ತವೆ. ಎಲ್ಲರ ಮಾತೂ ಒಂದೇ: "ಮನೇಲಿ ಸರಿಯಾಗೇ ಇತ್ತು ಸಾರ್, ಇಲ್ಲಿ ತೆಗೆದ್ರೆ ಹಿಂಗಾಗೈತೆ ನೋಡ್ರಿ."

ಆಗ ಜನ ಮಾಡುವುದೇನು? ಮೊದಲು ಫಾಂಟ್ ಬದಲಿಸುತ್ತಾರೆ. ಸರಿಯಾಗಲಿಲ್ಲ ಅಂದರೆ ಸೈಜ್ ಬದಲಿಸುತ್ತಾರೆ. ಆಮೇಲೆ ನಾಲ್ಕು ಎಂಟರ್, ಹತ್ತು ಸ್ಪೇಸ್ ಹೊಡೆದು ಹೇಗೋ ಕೂರಿಸುತ್ತಾರೆ. ಅಲ್ಲಿಗೆ ಇದ್ದ ಒಂದು ತಪ್ಪು ಮೂರಾಗಿರುತ್ತದೆ. ತಪ್ಪು ಇರುವ ಜಾಗ ಐದೇ: ಅಕ್ಷರದಲ್ಲಿ, ಫಾಂಟ್‌ನಲ್ಲಿ, ಪ್ಯಾರಾದಲ್ಲಿ, ಪುಟದ ಸೆಟ್ಟಿಂಗ್‌ನಲ್ಲಿ, ಇಲ್ಲ ಪ್ರಿಂಟರ್‌ನಲ್ಲಿ. ಯಾವುದು ಅಂತ ಗೊತ್ತಾಗುವ ತನಕ ಏನನ್ನೂ ಬದಲಿಸಬೇಡಿ. ಇಷ್ಟು ಶಿಸ್ತು ಇದ್ದರೆ ಅರ್ಧ ಗಂಟೆಯ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ.

ಕೆಳಗೆ ಬರೆದಿರುವುದು ಮೈಕ್ರೋಸಾಫ್ಟ್ ವರ್ಡ್ ಬಗ್ಗೆ. ಲಿಬ್ರೆಆಫೀಸ್ ರೈಟರ್ ಬಳಸುವವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ, ಕೀಗಳು ಮಾತ್ರ ಅಲ್ಲಲ್ಲಿ ಬೇರೆ.

ಕೈ ಹಾಕುವ ಮೊದಲು

ಫೈಲನ್ನು ಪೆನ್‌ಡ್ರೈವ್‌ನಿಂದ ನೇರ ತೆರೆಯಬೇಡಿ. ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ, ತೆರೆದ ಮೇಲೆ ಎಫ್12 ಒತ್ತಿ ಬೇರೆ ಹೆಸರಲ್ಲಿ ಸೇವ್ ಮಾಡಿ. ಮೂಲ ಹಾಗೇ ಇರಲಿ.

ಈಗ ಕಂಟ್ರೋಲ್ + ಶಿಫ್ಟ್ + 8 ಒತ್ತಿ. ಹೋಮ್ ಟ್ಯಾಬ್‌ನಲ್ಲಿ ¶ ಗುರುತಿನ ಬಟನ್ ಇದೆಯಲ್ಲ, ಅದೇ ಇದು. ತುಂಬಾ ಜನ ಇದನ್ನು ತಪ್ಪಿ ಒತ್ತಿದಾಗ "ಏನೋ ಆಗೋಯ್ತು" ಅಂತ ಗಾಬರಿಯಾಗಿ ಮುಚ್ಚುತ್ತಾರೆ. ನಿಜ ಹೇಳಬೇಕೆಂದರೆ ವರ್ಡ್‌ನಲ್ಲಿ ಇದಕ್ಕಿಂತ ಉಪಯೋಗದ ಬಟನ್ ಇನ್ನೊಂದಿಲ್ಲ. ಸ್ಪೇಸ್ ಹೊಡೆದ ಕಡೆ ಚುಕ್ಕಿ ಕಾಣುತ್ತದೆ. ಟ್ಯಾಬ್ ಹೊಡೆದ ಕಡೆ ಬಾಣ. ಎಂಟರ್ ಹೊಡೆದ ಕಡೆ ¶. ಶಿಫ್ಟ್ + ಎಂಟರ್ ಹೊಡೆದ ಕಡೆ ಮಡಚಿದ ಬಾಣ. ವೆಬ್‌ಸೈಟಿನಿಂದ ಕಾಪಿ ಮಾಡಿದ ಬರಹ ಆಗಿದ್ದರೆ ಸ್ಪೇಸ್ ಜಾಗದಲ್ಲಿ ಚಿಕ್ಕ ಸೊನ್ನೆ ಥರ ಕಾಣಬಹುದು, ಅದು ಒಡೆಯದ ಸ್ಪೇಸ್. ಎರಡು ಪದಗಳು ಅಂಟಿಕೊಂಡು ಒಟ್ಟಿಗೇ ಮುಂದಿನ ಸಾಲಿಗೆ ಹಾರುವುದು ಅದರಿಂದಲೇ.

ಇನ್ನೊಂದು ಪರೀಕ್ಷೆ ನೋಟ್‌ಪ್ಯಾಡ್‌ದು. ತೊಂದರೆ ಇರುವ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಕನ್ನಡ ಚೆನ್ನಾಗಿ ಓದಲು ಬಂದರೆ ಅಕ್ಷರ ಸರಿ ಇದೆ, ತಪ್ಪು ವರ್ಡ್‌ನ ಸೆಟ್ಟಿಂಗ್‌ನಲ್ಲಿದೆ. ಅಲ್ಲಿ ಇಂಗ್ಲಿಷ್ ಅಕ್ಷರಗಳು ಬಂದರೆ ಫೈಲ್ ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೇ ಫಾಂಟ್‌ನದ್ದು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ, ಕ್ಷಮಿಸಿ, ಬರೆದದ್ದೇ ಹೋಗಿದೆ. ಯಾರೋ ಯೂನಿಕೋಡ್ ಕನ್ನಡವನ್ನು (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಕನ್ನಡಕ್ಕೆ ಜಾಗವೇ ಇಲ್ಲದ ಹಳೇ ಆನ್ಸಿ ಟೆಕ್ಸ್ಟ್ ಆಗಿ ಸೇವ್ ಮಾಡಿದ್ದಾರೆ. ಅದನ್ನು ಯಾವ ಫಾಂಟೂ ವಾಪಸ್ ತರುವುದಿಲ್ಲ, ಮೂಲ ಫೈಲ್ ಹುಡುಕಬೇಕು.

ಕನ್ನಡದ ಬದಲು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ

ಬರಹ ತಂತ್ರಾಂಶ ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಅದಾದ ಮೇಲೆ ಬಂತು. ಆ ಕಾಲದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ಅಂತ ಬೇರೆ ಸಂಕೇತ ಇರಲಿಲ್ಲ. ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತಿತ್ತು. ನುಡಿಯಲ್ಲಿ "ಕನ್ನಡ" ಅಂತ ಬರೆದು ಫಾಂಟ್ ತೆಗೆದುಬಿಟ್ಟರೆ, ದೊಡ್ಡ ಪಿಯಿಂದ ಶುರುವಾಗಿ ನಡುವೆ ಪೌಂಡ್ ಗುರುತು ಬರುವ ಒಂದು ವಿಚಿತ್ರ ಪದ ಕಾಣುತ್ತದೆ. ಆ ಪೌಂಡ್ ಗುರುತು ಅಂದರೆ ನಕಾರ. ಕನ್ನಡದಲ್ಲಿ ನಕಾರ ಎಷ್ಟು ಬರುತ್ತದೆ ಅಂತ ಗೊತ್ತೇ ಇದೆ. ಹಾಗಾಗಿ ಪುಟದ ತುಂಬ ಪೌಂಡ್ ಗುರುತು ಕಂಡರೆ ಕಣ್ಣು ಮುಚ್ಚಿ ಹೇಳಬಹುದು, ಇದು ಹಳೇ ಎನ್‌ಕೋಡಿಂಗ್‌ನ ಫೈಲ್.

ಸದ್ಯಕ್ಕೆ ಓದಿದರೆ ಸಾಕು ಅಂದರೆ ಒಂದು ಪ್ಯಾರಾ ಸೆಲೆಕ್ಟ್ ಮಾಡಿ ನುಡಿಯ ಫಾಂಟ್ ಕೊಡಿ. ಸರಿಯಾಗಲಿಲ್ಲವೇ, ಬರಹದ ಫಾಂಟ್ ಕೊಟ್ಟು ನೋಡಿ. ಯಾವುದಾದರೂ ಒಂದು ಹಿಡಿಯುತ್ತದೆ. ಆದರೆ ಇದೇ ಫೈಲ್ ನಾಳೆ ಇನ್ನೊಂದು ಕಂಪ್ಯೂಟರ್‌ಗೆ ಹೋದರೆ ಮತ್ತೆ ಅದೇ ಕಥೆ. ಮುಂದೆಯೂ ಬಳಸುವ ಫೈಲ್ ಆದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳುವುದೇ ಒಳ್ಳೆಯದು. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ.

ಇಲ್ಲಿ ಒಂದು ಹುಷಾರಿ ಬೇಕು. ಇಡೀ ಫೈಲನ್ನು ಒಟ್ಟಿಗೆ ಪರಿವರ್ತಕಕ್ಕೆ ಹಾಕಿದರೆ, ಅದರಲ್ಲಿ ನಿಜವಾಗಿಯೂ ಇಂಗ್ಲಿಷ್‌ನಲ್ಲಿದ್ದ ಜಿಎಸ್‌ಟಿ ನಂಬರ್, ಇಮೇಲ್ ವಿಳಾಸ, ಪ್ಯಾನ್ ನಂಬರ್ ಎಲ್ಲವೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಪರಿವರ್ತಕಕ್ಕೆ ಇದು ಇಂಗ್ಲಿಷ್, ಇದು ಕನ್ನಡ ಅಂತ ಹೇಗೆ ಗೊತ್ತಾಗಬೇಕು? ಎರಡೂ ಅದರ ಕಣ್ಣಿಗೆ ಇಂಗ್ಲಿಷ್ ಅಕ್ಷರವೇ. ಅದಕ್ಕೆ ಫೈಂಡ್ ಕಿಟಕಿ ತೆರೆದು, ಹುಡುಕುವ ಜಾಗ ಖಾಲಿ ಬಿಟ್ಟು, ಕೆಳಗಿನ ಫಾರ್ಮ್ಯಾಟ್ ಬಟನ್‌ನಲ್ಲಿ ಫಾಂಟ್ ಅಂತ ಆರಿಸಿ ನುಡಿ ಫಾಂಟಿನ ಹೆಸರು ಕೊಡಿ. ನುಡಿಯಲ್ಲಿರುವ ಭಾಗ ಎಲ್ಲೆಲ್ಲಿದೆ ಅಂತ ಅದು ತೋರಿಸುತ್ತದೆ. ಅಷ್ಟನ್ನು ಮಾತ್ರ ಪರಿವರ್ತಿಸಿ. ಇದರ ಉಲ್ಟಾ ತಪ್ಪೂ ನಡೆಯುತ್ತದೆ: ಯೂನಿಕೋಡ್ ಫೈಲ್‌ನಲ್ಲಿ ಕಂಟ್ರೋಲ್ + ಎ ಒತ್ತಿ ನುಡಿ ಫಾಂಟ್ ಕೊಟ್ಟರೆ ಕನ್ನಡ ಹಾಗೇ ಉಳಿದು ಇಂಗ್ಲಿಷ್ ಭಾಗ ಮಾತ್ರ ಕೆಡುತ್ತದೆ. ಅದಕ್ಕೆ ಚಿಂತೆ ಬೇಡ, ಆ ಭಾಗ ಸೆಲೆಕ್ಟ್ ಮಾಡಿ ಕಂಟ್ರೋಲ್ + ಸ್ಪೇಸ್ ಒತ್ತಿದರೆ ಮೇಲಿಂದ ಹಾಕಿದ ಫಾಂಟ್ ಕಳಚಿ ಬೀಳುತ್ತದೆ.

ಪರಿವರ್ತನೆ ಆದ ಮೇಲೆ ಪರೀಕ್ಷೆಗೆ ಒಳ್ಳೆಯ ಪದ ನಮ್ಮ ಪಕ್ಕದಲ್ಲೇ ಇದೆ: ಚಿತ್ರದುರ್ಗ. ಗುಡಿಸು, ಒತ್ತು, ಕೊಂಬು, ಅರ್ಕಾವತ್ತು ನಾಲ್ಕೂ ಆ ಒಂದೇ ಪದದಲ್ಲಿವೆ. ಅದು ನೆಟ್ಟಗೆ ಬಂದಿದ್ದರೆ ಹೆಚ್ಚುಕಮ್ಮಿ ಉಳಿದದ್ದೂ ಬಂದಿರುತ್ತದೆ. ಎಲ್ಲಾದರೂ ಚುಕ್ಕಿಗಳ ವೃತ್ತ ಕಂಡರೆ ಅಲ್ಲಿ ವ್ಯಂಜನ ಇಲ್ಲದೆ ಬರೀ ಸ್ವರದ ಗುರುತು ಉಳಿದಿದೆ ಅಂತ ಅರ್ಥ. ಆ ಅಕ್ಷರವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ, ತಿದ್ದಲು ಹೋಗಬೇಡಿ.

ವಾಕ್ಯದ ಮೊದಲ ಅಕ್ಷರ ತಾನಾಗೇ ಬದಲಾಗುತ್ತಿದೆ

ಹಳೇ ನುಡಿಯಲ್ಲೇ ಕೆಲಸ ಮಾಡುವವರಿಗೆ ಕಾಡುವ ಭೂತ ಇದು. "ಜನ" ಅಂತ ಟೈಪ್ ಮಾಡಿ ಸ್ಪೇಸ್ ಒತ್ತಿದರೆ "ಆನ" ಆಗುತ್ತದೆ. ಕೀಬೋರ್ಡ್ ಕೆಟ್ಟಿದೆ ಅಂತ ಹೊಸ ಕೀಬೋರ್ಡ್ ತಂದವರೂ ಇದ್ದಾರೆ!

ಕೀಬೋರ್ಡ್‌ದೇನೂ ತಪ್ಪಿಲ್ಲ. ಆ ಫಾಂಟ್‌ನಲ್ಲಿ ಜ ಅಂದರೆ ಒಳಗೆ ಇರುವುದು ಸಣ್ಣ ಡಿ. ಆ ಅಂದರೆ ದೊಡ್ಡ ಡಿ. ವಾಕ್ಯದ ಮೊದಲ ಅಕ್ಷರ ಕ್ಯಾಪಿಟಲ್ ಇರಬೇಕು ಅಂತ ವರ್ಡ್ ತಾನಾಗೇ ಸಣ್ಣ ಡಿಯನ್ನು ದೊಡ್ಡದು ಮಾಡುತ್ತದೆ, ಜ ಹೋಗಿ ಆ ಬರುತ್ತದೆ. ಇಂಗ್ಲಿಷಿಗೆ ಮಾಡಿದ ಉಪಕಾರ ಕನ್ನಡಕ್ಕೆ ಅಪಕಾರ.

ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ. ವಾಕ್ಯದ ಮೊದಲ ಅಕ್ಷರ ಕ್ಯಾಪಿಟಲ್ ಮಾಡುವುದು, ಟೇಬಲ್ ಮನೆಗಳ ಮೊದಲ ಅಕ್ಷರ ಕ್ಯಾಪಿಟಲ್ ಮಾಡುವುದು, ಈ ಎರಡರ ಟಿಕ್ ತೆಗೆಯಿರಿ. ಅಲ್ಲೇ ಪಕ್ಕದ ಟ್ಯಾಬ್‌ನಲ್ಲಿ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಮಾಡುವ ಟಿಕ್ ಕೂಡ ತೆಗೆದರೆ ಒಳ್ಳೆಯದು. ಹಾಗೆಯೇ ನುಡಿಯಲ್ಲಿ ಟೈಪ್ ಮಾಡಿದ್ದರ ಮೇಲೆ ಶಿಫ್ಟ್ + ಎಫ್3 ತಪ್ಪಿಯೂ ಒತ್ತಬೇಡಿ. ಅದು ದೊಡ್ಡಕ್ಷರ ಸಣ್ಣಕ್ಷರ ಅದಲುಬದಲು ಮಾಡುವ ಕೀ, ಇಡೀ ಪ್ಯಾರಾ ಕಲಸಿಹೋಗುತ್ತದೆ. ಒತ್ತಿದ್ದರೆ ತಕ್ಷಣ ಕಂಟ್ರೋಲ್ + ಜೆಡ್.

ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಕಚಡಾ ಆಗುವುದಕ್ಕೂ ಇದೇ ಕಾರಣ, ಅದು ಜೋಡಿಸುವುದು ಇಂಗ್ಲಿಷ್ ಕ್ರಮದಲ್ಲಿ. ಯೂನಿಕೋಡ್‌ಗೆ ತಂದು ಆಮೇಲೆ ಜೋಡಿಸಿ.

ಕಣ್ಣಿಗೆ ಕಾಣುವ ಪದ, ಹುಡುಕಿದರೆ ಸಿಗುವುದಿಲ್ಲ

ನನ್ನ ಮಟ್ಟಿಗೆ ಅತಿ ಸ್ವಾರಸ್ಯದ ದೋಷ ಇದು, ಜನ ಅತಿ ಕಡಿಮೆ ಅನುಮಾನ ಪಡುವುದೂ ಇದನ್ನೇ. ಪರದೆ ಮೇಲೆ "ಸಂಜೆ" ಅಂತ ಕಾಣುತ್ತಿದೆ, ಕಂಟ್ರೋಲ್ + ಎಫ್ ಒತ್ತಿ "ಸಂಜೆ" ಅಂತ ಕೊಟ್ಟರೆ ಇಲ್ಲ ಅನ್ನುತ್ತದೆ.

ಅನುಸ್ವಾರದ ಬದಲು ಯಾರೋ ಕನ್ನಡದ ಸೊನ್ನೆ ಟೈಪ್ ಮಾಡಿರುತ್ತಾರೆ. ಸಂಜೆ, ಸ೦ಜೆ. ಎರಡಕ್ಕೂ ವ್ಯತ್ಯಾಸ ಕಾಣಿಸಿತೇ? ಎಷ್ಟೋ ಫಾಂಟ್‌ಗಳಲ್ಲಿ ಕಾಣುವುದೇ ಇಲ್ಲ. ಅದೇ ರೀತಿ ಅರ್ಕಾವತ್ತು ಟೈಪ್ ಮಾಡಲು ಬಾರದೆ ಕನ್ನಡದ ಒಂಬತ್ತು ಹಾಕುವವರು ಬಹಳ ಇದ್ದಾರೆ. ಚಿತ್ರದುಗ೯, ಕನಾ೯ಟಕ, ಮಾಗ೯. ಓದುವವರಿಗೆ ತೊಂದರೆ ಇಲ್ಲ, ಕಂಪ್ಯೂಟರ್‌ಗೆ ಮಾತ್ರ ಅದು "ಚಿತ್ರದುಗ" ಆದಮೇಲೆ ಒಂಬತ್ತು.

ಪತ್ತೆ ಮಾಡುವುದು ಸುಲಭ. ಅಕ್ಷರದ ಎಡಕ್ಕೆ ಕರ್ಸರ್ ಇಟ್ಟು ಬಲಬಾಣದ ಕೀ ಒತ್ತಿ. "ಸಂ" ಒಂದೇ ಹೆಜ್ಜೆಯಲ್ಲಿ ದಾಟಬೇಕು. ಎರಡು ಹೆಜ್ಜೆ ಬೇಕಾಯಿತು ಅಂದರೆ ಅಲ್ಲಿ ಸೊನ್ನೆ ಇದೆ. ಇನ್ನೂ ಖಚಿತ ಬೇಕಾದರೆ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ + ಎಕ್ಸ್ ಒತ್ತಿ. ಹಿಂದಿನ ಗುರುತಿನ ಯೂನಿಕೋಡ್ ಸಂಖ್ಯೆ ಬರುತ್ತದೆ. 0ಸಿ82 ಬಂದರೆ ಅನುಸ್ವಾರ, 0ಸಿಇ6 ಬಂದರೆ ಸೊನ್ನೆ, 0ಸಿಇಎಫ್ ಬಂದರೆ ಒಂಬತ್ತು. ನೋಡಿ ಆದ ಮೇಲೆ ಮತ್ತೆ ಆಲ್ಟ್ + ಎಕ್ಸ್ ಒತ್ತಿದರೆ ಮೊದಲಿನಂತೆ ಆಗುತ್ತದೆ.

ಸರಿ ಮಾಡುವಾಗ ಕಂಟ್ರೋಲ್ + ಎಚ್ ತೆರೆದು ಸೊನ್ನೆ ಜಾಗದಲ್ಲಿ ಅನುಸ್ವಾರ ಅಂತ ಕೊಟ್ಟು "ರಿಪ್ಲೇಸ್ ಆಲ್" ಒತ್ತಿಬಿಟ್ಟೀರಿ ಮತ್ತೆ! ಫೈಲ್‌ನಲ್ಲಿ ಕನ್ನಡ ಅಂಕಿಯಲ್ಲಿ ಬರೆದ ದಿನಾಂಕ, ಸರ್ವೆ ನಂಬರ್, ಹಣದ ಮೊತ್ತ ಇದ್ದರೆ ಅವೂ ಹಾಳಾಗುತ್ತವೆ. ಒಂದೊಂದೇ ನೋಡಿ ಬದಲಿಸಿ. ಒಂಬತ್ತರದು ಇನ್ನೂ ಸೂಕ್ಷ್ಮ, ಯಾಕೆಂದರೆ ಒಂಬತ್ತು ಕೂತಿರುವುದು ಅಕ್ಷರದ ಆಮೇಲೆ, ರ್ ಬರಬೇಕಾದ್ದು ಅಕ್ಷರಕ್ಕೆ ಮೊದಲು. ಅದಕ್ಕೆ ಪೂರ್ತಿ ಪದವನ್ನೇ ಕೊಡಿ: "ಚಿತ್ರದುಗ೯" ಹುಡುಕಿ "ಚಿತ್ರದುರ್ಗ" ಹಾಕಿ. ಇಲ್ಲಿ ಎಲ್ಲ ಒಟ್ಟಿಗೆ ಬದಲಿಸಿದರೂ ಭಯವಿಲ್ಲ.

ಇನ್ನೂ ಸಿಗುತ್ತಿಲ್ಲವೇ? ಕಣ್ಣಿಗೆ ಕಾಣದ ಗುರುತುಗಳಿರಬಹುದು. ಮೊಳಕಾಲ್ಮೂರು ಅಂತ ಒಬ್ಬರು ಲಕಾರಕ್ಕೆ ಮಕಾರದ ಒತ್ತು ಕೊಟ್ಟು ಬರೆಯುತ್ತಾರೆ, ಮೊಳಕಾಲ್‌ಮೂರು ಅಂತ ಇನ್ನೊಬ್ಬರು ಒತ್ತು ಬಾರದಂತೆ ನಡುವೆ ಅದೃಶ್ಯ ಗುರುತು ಹಾಕಿ ಬಿಡಿಸಿ ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಹಾಗಾಗಿ ಇಡೀ ಪದದ ಬದಲು "ಮೊಳಕಾ" ಅಂತ ಅರ್ಧ ಪದ ಹುಡುಕಿ, ಎಲ್ಲ ರೂಪಗಳೂ ಬರುತ್ತವೆ. ಒಂದು ಫೈಲ್‌ನಲ್ಲಿ ಒಂದೇ ರೂಪ ಇಟ್ಟುಕೊಳ್ಳಿ.

ರಿಪ್ಲೇಸ್ ಆಲ್ ಮಾತು ಬಂತಲ್ಲ, ನಮ್ಮ ಕಡೆಯವರು ಹುಷಾರಾಗಿರಬೇಕಾದ ಇನ್ನೊಂದು ವಿಷಯ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮೊದಲಿನ ಕ್ರಯಪತ್ರಗಳಲ್ಲಿ ದಾವಣಗೆರೆ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯದ್ದು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗದ್ದು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಹಳೇ ಪತ್ರದ ಮಾದರಿ ಇಟ್ಟುಕೊಂಡು ಹೊಸ ಕರಾರು ಮಾಡುವಾಗ "ಚಿತ್ರದುರ್ಗ ಜಿಲ್ಲೆ"ಯನ್ನೆಲ್ಲ ಒಂದೇ ಏಟಿಗೆ "ದಾವಣಗೆರೆ ಜಿಲ್ಲೆ" ಮಾಡಿದರೆ, ಹಿಂದಿನ ದಾಖಲೆಯಲ್ಲಿ ಹೀಗಿತ್ತು ಅಂತ ಉಲ್ಲೇಖ ಮಾಡಿದ ಜಾಗವೂ ಬದಲಾಗಿಬಿಡುತ್ತದೆ. ವಕೀಲರು ಹಿಡಿಯುವುದು ಅಲ್ಲೇ.

ಒತ್ತಕ್ಷರದ ಕಾಲು ಕತ್ತರಿಸಿದೆ

ತ್ರ, ಸ್ತ್ರೀ, ಕ್ಷ್ಮ ಇಂಥವುಗಳ ಕೆಳಭಾಗ ಅರ್ಧಕ್ಕೇ ಕಡಿದಂತೆ ಕಾಣುತ್ತದೆ. ಫಾಂಟ್ ಸರಿಯಿಲ್ಲ ಅಂತ ಎಲ್ಲರೂ ಬೈಯುತ್ತಾರೆ, ನಿಜವಾದ ಕಳ್ಳ ಸಾಲಿನ ಅಂತರ. ಪ್ಯಾರಾಗ್ರಾಫ್ ಕಿಟಕಿ ತೆರೆದು ಲೈನ್ ಸ್ಪೇಸಿಂಗ್ ನೋಡಿ. "ಎಕ್ಸಾಕ್ಟ್ಲಿ" ಅಂತ ಇದ್ದರೆ ಅದೇ. ಇಂಗ್ಲಿಷ್ ಅಕ್ಷರಕ್ಕೆ 12 ಪಾಯಿಂಟ್ ಎತ್ತರ ಸಾಕು, ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿಗೆ ಇನ್ನೊಂದು ಒತ್ತು. ಸಾಲಿನ ಎತ್ತರ ಕಟ್ಟಿಹಾಕಿದರೆ ಮಿಕ್ಕದ್ದು ಕಡಿದುಹೋಗುತ್ತದೆ. "ಅಟ್ ಲೀಸ್ಟ್" ಅಥವಾ "ಮಲ್ಟಿಪಲ್ 1.15" ಕೊಡಿ, ಮುಗಿಯಿತು. ಟೇಬಲ್ ಒಳಗೆ ಕತ್ತರಿಸಿದ್ದರೆ ರೋ ಎತ್ತರದಲ್ಲೂ ಇದೇ ಎಕ್ಸಾಕ್ಟ್ಲಿ ಇರುತ್ತದೆ, ಅಲ್ಲಿಯೂ ನೋಡಿ. ಫೋಟೋ ಹಾಕಿದರೆ ಬರೀ ಒಂದು ತೆಳ್ಳನೆ ಪಟ್ಟಿ ಕಾಣುವುದಕ್ಕೂ ಇದೇ ಕಾರಣ.

ಇದಕ್ಕೇ ಹತ್ತಿರದ ಇನ್ನೊಂದು ದೂರು: ಸ್ಟೈಲ್‌ನಲ್ಲಿ ಸೈಜ್ 14 ಕೊಟ್ಟರೂ ಇಂಗ್ಲಿಷ್ ಮಾತ್ರ ದೊಡ್ಡದಾಗುತ್ತದೆ, ಕನ್ನಡ ಹಾಗೇ ಇರುತ್ತದೆ. ವರ್ಡ್ ಲೆಕ್ಕದಲ್ಲಿ ಯೂನಿಕೋಡ್ ಕನ್ನಡ "ಕಾಂಪ್ಲೆಕ್ಸ್ ಸ್ಕ್ರಿಪ್ಟ್" ಗುಂಪಿಗೆ ಸೇರಿದ್ದು, ಅದರ ಫಾಂಟ್ ಮತ್ತು ಸೈಜ್ ಬೇರೆ ಕಡೆ ಇರುತ್ತದೆ. ಕಂಟ್ರೋಲ್ + ಡಿ ಒತ್ತಿ, ಕೆಳಗಿನ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಭಾಗದಲ್ಲಿ ಫಾಂಟ್ ಮತ್ತು ಸೈಜ್ ಕೊಡಿ. ಲಿಬ್ರೆಆಫೀಸ್‌ನಲ್ಲೂ ಇದೇ ವ್ಯವಸ್ಥೆ. ಅಲ್ಲಿ ಮೊದಲು ಭಾಷೆಯ ಸೆಟ್ಟಿಂಗ್‌ನಲ್ಲಿ ಸಂಕೀರ್ಣ ಲಿಪಿ ಅನ್ನುವ ಟಿಕ್ ಹಾಕಬೇಕು.

ಸಾಲು ರಬ್ಬರ್ ಎಳೆದಂತೆ ಎಳೆದಿದೆ

ಎರಡೇ ಪದ ಇರುವ ಸಾಲು ಈ ಅಂಚಿನಿಂದ ಆ ಅಂಚಿಗೆ ಹರಡಿಕೊಂಡಿದೆ. ¶ ಬಟನ್ ಒತ್ತಿದರೆ ಸಾಲಿನ ಕೊನೆಗೆ ಮಡಚಿದ ಬಾಣ ಕಾಣುತ್ತದೆ. ಶಿಫ್ಟ್ + ಎಂಟರ್ ಹೊಡೆದಿದ್ದಾರೆ, ಮೇಲೆ ಜಸ್ಟಿಫೈ, ಅಂದರೆ ಎರಡೂ ಅಂಚಿಗೆ ಸಮ, ಮಾಡಿದ್ದಾರೆ. ಪ್ಯಾರಾ ಇನ್ನೂ ಮುಗಿದಿಲ್ಲ ಅಂತ ವರ್ಡ್ ತಿಳಿದು ಸಾಲನ್ನು ಎಳೆಯುತ್ತದೆ. ವೆಬ್‌ಸೈಟಿನಿಂದ ಪೇಸ್ಟ್ ಮಾಡಿದ ಬರಹದಲ್ಲಿ ಇದು ಜಾಸ್ತಿ.

ಕಂಟ್ರೋಲ್ + ಎಚ್‌ನಲ್ಲಿ ಹುಡುಕುವ ಕಡೆ ಟೋಪಿ ಗುರುತು, ಅಂದರೆ ಶಿಫ್ಟ್ + 6, ಅದರ ಪಕ್ಕ ಇಂಗ್ಲಿಷಿನ ಸಣ್ಣ ಎಲ್. ಬದಲಿಸುವ ಕಡೆ ಟೋಪಿ ಗುರುತು ಮತ್ತು ಸಣ್ಣ ಪಿ. ಇಲ್ಲಿ ರಿಪ್ಲೇಸ್ ಆಲ್ ಧೈರ್ಯವಾಗಿ ಒತ್ತಿ. ಖಾಲಿ ಎಂಟರ್‌ಗಳು ಜಾಸ್ತಿ ಇದ್ದರೆ ಟೋಪಿ-ಪಿ ಎರಡು ಸಲ ಹುಡುಕಿ ಒಂದು ಸಲಕ್ಕೆ ಇಳಿಸಿ. ಇನ್ನೂ ಉಳಿದಿದ್ದರೆ ಮತ್ತೆ ಒತ್ತಿ. ಇನ್ನು ಮುಂದೆ ಪೇಸ್ಟ್ ಮಾಡುವಾಗ ಬರೀ ಟೆಕ್ಸ್ಟ್ ಮಾತ್ರ ಉಳಿಸುವ ಆಯ್ಕೆ ಕೊಡಿ: ಕಂಟ್ರೋಲ್ + ವಿ ಆದ ತಕ್ಷಣ ಕಂಟ್ರೋಲ್ ಒಂದನ್ನೇ ಒತ್ತಿ, ಆಮೇಲೆ ಟಿ. ಹಿನ್ನೆಲೆ ಬಣ್ಣ, ಲಿಂಕ್, ಬೇರೆಯವರ ಫಾಂಟ್ ಒಂದೂ ಹಿಂದೆ ಬರುವುದಿಲ್ಲ.

ಮಡಚಿದ ಬಾಣ ಇಲ್ಲದೆಯೂ ಪದಗಳ ನಡುವೆ ದೊಡ್ಡ ದೊಡ್ಡ ಸಂದಿ ಇದ್ದರೆ ಅದು ಕನ್ನಡದ ಉದ್ದ ಪದಗಳ ಫಲ. ಕರಪತ್ರದ ಸಣ್ಣ ಕಾಲಂಗೆ ಜಸ್ಟಿಫೈ ಹೊಂದುವುದೇ ಇಲ್ಲ. ಎಡಕ್ಕೆ ಹೊಂದಿಸಿ ಬಿಡಿ, ಕಂಟ್ರೋಲ್ + ಎಲ್.

ಅಳಿಸಲಾಗದ ಗೆರೆ, ಹೋಗದ ಖಾಲಿ ಪುಟ, ತಾನಾಗೇ ಬರುವ ನಂಬರ್

ಮೂರು ಅಡ್ಡಗೆರೆ ಟೈಪ್ ಮಾಡಿ ಎಂಟರ್ ಹೊಡೆದರೆ ಪುಟದ ಉದ್ದಕ್ಕೂ ಗೆರೆ ಬರುತ್ತದೆ, ಮತ್ತೆ ಸೆಲೆಕ್ಟ್ ಮಾಡಲು ಬರುವುದಿಲ್ಲ. ಅದು ಅಕ್ಷರ ಅಲ್ಲ, ಮೇಲಿನ ಪ್ಯಾರಾದ ಬಾರ್ಡರ್. ಆ ಪ್ಯಾರಾದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ + ಕ್ಯೂ ಒತ್ತಿ. ಗೆರೆ ಹೋಗುತ್ತದೆ. ಜೊತೆಗೆ ಆ ಪ್ಯಾರಾಕ್ಕೆ ಕೈಯಾರೆ ಕೊಟ್ಟ ಇಂಡೆಂಟ್, ಅಂತರ ಕೂಡ ಹೋಗುತ್ತದೆ ಅನ್ನುವುದು ಗೊತ್ತಿರಲಿ.

ಫೈಲ್ ಕೊನೆಯಲ್ಲಿ ಟೇಬಲ್ ಇದ್ದು ಅದರ ಮುಂದೆ ಖಾಲಿ ಪುಟ ಬಂದರೆ ಡಿಲೀಟ್ ಒತ್ತಿ ಕೈ ನೋಯಿಸಿಕೊಳ್ಳಬೇಡಿ. ಟೇಬಲ್ ಆದ ಮೇಲೆ ಒಂದು ಪ್ಯಾರಾ ಇರಲೇಬೇಕು ಅನ್ನುವುದು ವರ್ಡ್ ನಿಯಮ. ಆ ¶ ಗುರುತನ್ನು ಸೆಲೆಕ್ಟ್ ಮಾಡಿ ಫಾಂಟ್ ಸೈಜ್ 1, ಲೈನ್ ಸ್ಪೇಸಿಂಗ್ ಎಕ್ಸಾಕ್ಟ್ಲಿ 1 ಪಾಯಿಂಟ್, ಮೇಲೆ ಕೆಳಗೆ ಅಂತರ 0 ಕೊಡಿ. ಅದು ಹಿಂದಿನ ಪುಟದಲ್ಲೇ ಅಡಗಿಕೊಳ್ಳುತ್ತದೆ.

ತಾನಾಗೇ 1, 2, 3 ಬಂದರೆ ಬಂದ ಕ್ಷಣದಲ್ಲೇ ಕಂಟ್ರೋಲ್ + ಜೆಡ್ ಒಂದು ಸಲ. ನೀವು ಟೈಪ್ ಮಾಡಿದ್ದು ಉಳಿದು ವರ್ಡ್ ಮಾಡಿದ ಬದಲಾವಣೆ ಮಾತ್ರ ಹೋಗುತ್ತದೆ. ನಡುವೆ ಮತ್ತೆ 1ರಿಂದ ಶುರುವಾದರೆ ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ ಮುಂದುವರಿಸುವ ಆಯ್ಕೆ ಕೊಡಿ.

ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್ ಕೂರುತ್ತಿಲ್ಲ

ಮೊದಲ ಹಾಳೆಯ ಮೇಲ್ಭಾಗದಲ್ಲಿ ಸ್ಟಾಂಪ್ ಇರುತ್ತದೆ, ಬರಹ ಕೆಳಗಿಂದ ಶುರುವಾಗಬೇಕು. ಜನ ಇಪ್ಪತ್ತು ಎಂಟರ್ ಹೊಡೆದು ಇಳಿಸುತ್ತಾರೆ. ಆಮೇಲೆ ಫಾಂಟ್ ಸೈಜ್ ಬದಲಿಸಿದರೆ ಆ ಎಂಟರ್‌ಗಳೂ ಬೆಳೆದು ಬರಹ ಇನ್ನೂ ಕೆಳಗೆ ಓಡುತ್ತದೆ. ಅದರ ಬದಲು ಪುಟದ ತುದಿಯಲ್ಲಿ ಎರಡು ಸಲ ಕ್ಲಿಕ್ ಮಾಡಿ ಹೆಡರ್ ತೆರೆಯಿರಿ, "ಡಿಫರೆಂಟ್ ಫಸ್ಟ್ ಪೇಜ್" ಟಿಕ್ ಹಾಕಿ. ಈಗ ಮೊದಲ ಪುಟದ ಹೆಡರ್ ಒಳಗೆ ಬೇಕಾದಷ್ಟು ಎಂಟರ್ ಹೊಡೆಯಿರಿ, ಇಲ್ಲಿ ಮಾತ್ರ ಪರವಾನಗಿ ಇದೆ. ಹೆಡರ್ ಬೆಳೆದಷ್ಟೂ ಬರಹ ಕೆಳಗೆ ಸರಿಯುತ್ತದೆ, ಎರಡನೇ ಪುಟಕ್ಕೆ ಏನೂ ಆಗುವುದಿಲ್ಲ, ಒಳಗಿನ ಬರಹ ಎಷ್ಟು ತಿದ್ದಿದರೂ ಆ ಜಾಗ ಅಲ್ಲಾಡುವುದಿಲ್ಲ. ಇದನ್ನೇ ಒಂದು ಮಾದರಿ ಫೈಲ್ ಮಾಡಿಟ್ಟುಕೊಳ್ಳಿ.

ಪದೇ ಪದೇ ಬರುವ ಪ್ಯಾರಾಗಳಿಗೆ, ಉದಾಹರಣೆಗೆ ಸಾಕ್ಷಿಗಳ ಸಹಿ ಜಾಗ, ಚೆಕ್ಕುಬಂದಿಯ ನಾಲ್ಕು ಸಾಲು, ಅದನ್ನು ಸೆಲೆಕ್ಟ್ ಮಾಡಿ ಆಲ್ಟ್ + ಎಫ್3 ಒತ್ತಿ ಚಿಕ್ಕ ಹೆಸರು ಕೊಡಿ. ಮುಂದೆ ಆ ಹೆಸರು ಟೈಪ್ ಮಾಡಿ ಎಫ್3 ಒತ್ತಿದರೆ ಪೂರ್ತಿ ಬಂದು ಕೂರುತ್ತದೆ. ಒಂದು ಕಡೆ ಮಾಡಿದ ಬದಲಾವಣೆಯನ್ನೇ ಹತ್ತು ಕಡೆ ಮಾಡಬೇಕಾದರೆ ಎಫ್4, ಹಿಂದಿನ ಕೆಲಸವನ್ನೇ ಮತ್ತೆ ಮಾಡುತ್ತದೆ. ಫೈಲ್ ತೆರೆದ ತಕ್ಷಣ ಶಿಫ್ಟ್ + ಎಫ್5 ಒತ್ತಿದರೆ ಹಿಂದಿನ ಸಲ ಬಿಟ್ಟ ಜಾಗಕ್ಕೆ ಹೋಗುತ್ತದೆ. "ಇಂದ", "ಹೆಸರು", "ವಿಳಾಸ" ಮುಂದಿನ ಕೋಲನ್‌ಗಳು ಒಂದರ ಕೆಳಗೊಂದು ನಿಲ್ಲುತ್ತಿಲ್ಲ ಅಂದರೆ ಸ್ಪೇಸ್ ಹೊಡೆದಿದ್ದೀರಿ ಅಂತಲೇ. ಗೆರೆ ಇಲ್ಲದ ಟೇಬಲ್ ಹಾಕಿ, ಸುಮ್ನೆ ಸ್ಪೇಸ್ ಜೊತೆ ಗುದ್ದಾಡಬೇಡಿ.

ನಾಲ್ಕು ಪುಟ ಇದ್ದದ್ದು ಐದಾಗಿದೆ

ಮನೆಯ ಕಂಪ್ಯೂಟರ್‌ನಲ್ಲಿದ್ದ ಫಾಂಟ್ ಅಂಗಡಿಯಲ್ಲಿ ಇಲ್ಲದಿದ್ದರೆ ವರ್ಡ್ ತನಗೆ ತೋಚಿದ ಫಾಂಟ್ ಹಾಕುತ್ತದೆ. ತುಂಗಾ ಫಾಂಟ್‌ನಲ್ಲಿ ಮಾಡಿದ್ದು ನಿರ್ಮಲಾ ಫಾಂಟ್‌ನಲ್ಲಿ ತೆರೆದರೆ ಸಾಲಿನ ಎತ್ತರವೇ ಬೇರೆ, ಪುಟದ ಲೆಕ್ಕವೂ ಬದಲಾಗುತ್ತದೆ. ಬರೀ ಪ್ರಿಂಟ್‌ಗೆ ತರುವುದಾದರೆ ಮನೆಯಲ್ಲೇ ಪಿಡಿಎಫ್ ಮಾಡಿ ತನ್ನಿ. ತಿದ್ದುವುದೂ ಇದ್ದರೆ ಆಪ್ಷನ್ಸ್, ಸೇವ್‌ನಲ್ಲಿ ಫಾಂಟ್‌ಗಳನ್ನು ಫೈಲ್ ಒಳಗೇ ಸೇರಿಸುವ ಟಿಕ್ ಹಾಕಿ ಸೇವ್ ಮಾಡಿ.

ಪಿಡಿಎಫ್‌ನಲ್ಲಿ ನೆಟ್ಟಗಿದ್ದು ಕಾಗದದ ಮೇಲೆ ಮಾತ್ರ ಅಂಚು ಕಡಿದರೆ ವರ್ಡ್ ಬಿಟ್ಟು ಪ್ರಿಂಟರ್ ಕಡೆ ತಿರುಗಿ. ಫೈಲ್ ಎ4, ಪ್ರಿಂಟರ್ ಲೆಟರ್ ಅಥವಾ ಲೀಗಲ್ ಅಂತ ಇರುತ್ತದೆ. ಎರಡೂ ಒಂದೇ ಮಾಡಿ, ಅಳತೆ "ಆಕ್ಚುಯಲ್ ಸೈಜ್" ಇರಲಿ.

ವರ್ಡ್ ತೆರೆಯುತ್ತಿಲ್ಲ, ಇಲ್ಲ ಫೈಲ್ ತೆರೆಯುತ್ತಿಲ್ಲ

ಯಾವುದು ಅಂತ ಮೊದಲು ನೋಡಿ. ಬೇರೆ ಫೈಲ್‌ಗಳು ತೆರೆಯುತ್ತವೆಯೇ? ತೆರೆಯದಿದ್ದರೆ ಕಂಟ್ರೋಲ್ ಒತ್ತಿ ಹಿಡಿದು ವರ್ಡ್ ಐಕಾನ್ ಕ್ಲಿಕ್ ಮಾಡಿ, ಸೇಫ್ ಮೋಡ್ ಬೇಕೇ ಅಂತ ಕೇಳುತ್ತದೆ. ಅಲ್ಲಿ ಸರಾಗವಾಗಿ ನಡೆದರೆ ತೊಂದರೆ ವರ್ಡ್‌ಗೆ ಮೇಲಿಂದ ಸೇರಿಸಿದ ಯಾವುದೋ ಆಡ್-ಇನ್‌ದು, ಒಂದೊಂದಾಗಿ ತೆಗೆದು ನೋಡಿ.

ಆ ಒಂದು ಫೈಲ್ ಮಾತ್ರ ಹಟ ಮಾಡಿದರೆ, ಓಪನ್ ಕಿಟಕಿಯಲ್ಲಿ ಓಪನ್ ಬಟನ್ ಪಕ್ಕದ ಬಾಣ ಒತ್ತಿ "ಓಪನ್ ಆ್ಯಂಡ್ ರಿಪೇರ್" ಕೊಡಿ. ತೆರೆದು ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಕಂಟ್ರೋಲ್ + ಹೋಮ್, ಕಂಟ್ರೋಲ್ + ಶಿಫ್ಟ್ + ಎಂಡ್, ಆಮೇಲೆ ಶಿಫ್ಟ್ + ಎಡಬಾಣ ಒಂದು ಸಲ. ಹೀಗೆ ಕೊನೆಯ ¶ ಒಂದನ್ನು ಬಿಟ್ಟು ಉಳಿದದ್ದನ್ನು ಹೊಸ ಫೈಲ್‌ಗೆ ಕಾಪಿ ಮಾಡಿ. ಕೊನೆಯ ವಿಭಾಗದ ಸೆಟ್ಟಿಂಗ್ ಆ ಗುರುತಿನಲ್ಲಿ ಇರುತ್ತದೆ, ಕೆಡುಕು ಎಷ್ಟೋ ಸಲ ಅಲ್ಲೇ ಕೂತಿರುತ್ತದೆ.

ಬೇರೆ ಯಾರೋ ಫೈಲ್ ಬಳಸುತ್ತಿದ್ದಾರೆ ಅಂತ ವರ್ಡ್ ಹೇಳಿ, ಬಳಸುತ್ತಿರುವವರು ಯಾರೂ ಇಲ್ಲದಿದ್ದರೆ, ವರ್ಡ್ ಮುಚ್ಚಿ ಅದೇ ಫೋಲ್ಡರ್‌ನಲ್ಲಿ ಅಲೆಗೆರೆ ಮತ್ತು ಡಾಲರ್ ಗುರುತಿನಿಂದ ಶುರುವಾಗುವ ಅಡಗಿದ ಫೈಲ್ ಹುಡುಕಿ ಅಳಿಸಿ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದಾಗ ಅದು ಅಲ್ಲೇ ಉಳಿದುಬಿಡುತ್ತದೆ.

ಕರೆಂಟ್ ಹೋದಾಗ ಸೇವ್ ಆಗದೇ ಇದ್ದ ಬರಹಕ್ಕೆ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಒಳಗೆ ಸೇವ್ ಆಗದ ಫೈಲ್‌ಗಳನ್ನು ವಾಪಸ್ ತರುವ ಆಯ್ಕೆ ಇದೆ. ತಾನಾಗೇ ಪ್ರತಿ ಉಳಿಸುವ ಆಟೋರಿಕವರ್ ಮೊದಲಿಂದ 10 ನಿಮಿಷಕ್ಕೆ ಇರುತ್ತದೆ. ಯುಪಿಎಸ್ ಇಲ್ಲದ ಕಂಪ್ಯೂಟರ್ ಆದರೆ ಅದನ್ನು 2 ನಿಮಿಷಕ್ಕೆ ಇಳಿಸಿ.

ಇಷ್ಟಾದರೂ ಬಗೆಹರಿಯದೆ ಅಂಗಡಿಗೇ ತರುವುದಾದರೆ ವರ್ಡ್ ಫೈಲ್, ಅದರ ಪಿಡಿಎಫ್ ಎರಡೂ ತನ್ನಿ. ಮನೆಯಲ್ಲಿ ಯಾವ ಫಾಂಟ್ ಬಳಸಿದ್ದು, ನುಡಿಯೋ ಬರಹವೋ ಯೂನಿಕೋಡೋ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ತೊಂದರೆ ಇರುವ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡಿದ್ದರೆ ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ಎಷ್ಟೋ ಸಲ ನಮ್ಮ ಕಂಪ್ಯೂಟರ್‌ನಲ್ಲಿ ಅದು ಸರಿಯಾಗೇ ಕಾಣುತ್ತದೆ.